ಆ ಗುಂಡಿಯ ಅಳತೆ ಯಾರದು?

ನಮ್ಮ ಕೇರಿಯ ಹುಡುಗಿ ಎರಡನೇ ಪಿಯುಸಿ ಸೈನ್ಸ್ ಓದ್ತಾಳೆ. ಎಂಜಿನಿಯರಿಂಗ್ ಡಿಸೈನ್‌ಗೆ ಸೇರ್ತೀನಿ ಅಂದಳು. ಮೇಷ್ಟ್ರು ನಕ್ಕುಬಿಟ್ಟರು: "ಅದೆಲ್ಲ ಶೋಕಿ ಕಣವ್ವ, ಕಂಪ್ಯೂಟರ್ ತಗೊ, ಕೆಲಸ ಸಿಗ್ತದೆ."

ಕೆಲಸ ಸಿಗಬೇಕು ಮೇಷ್ಟ್ರೇ, ಹಸಿದ ಮನೆಗೆ ಅದು ಸಣ್ಣ ಮಾತಲ್ಲ. ಆದರೆ ಒಂದು ಕೇಳ್ತೀನಿ. ರಸ್ತೆ ಮಧ್ಯದ ಮ್ಯಾನ್‌ಹೋಲಿನ ಬಾಯಿ ಮನುಷ್ಯ ಇಳಿಯುವಷ್ಟು ಅಗಲ ಯಾಕಿದೆ? ಯಾರೋ ಮೇಜಿನ ಮುಂದೆ ಕೂತು, ಇಳಿಯೋನೊಬ್ಬ ಇದ್ದೇ ಇರ್ತಾನೆ ಅಂತ ನಂಬಿ ಗೆರೆ ಎಳೆದ. ಪೌರಕಾರ್ಮಿಕ ಹೆಂಗಸಿನ ಸೊಂಟ ಮುರಿಯುವ ಮೋಟು ಪೊರಕೆಯೂ ಹಾಗೇ. ಅದಕ್ಕೊಂದು ಉದ್ದ ಕೋಲು ಕಟ್ಟೋಕೆ ಯಾವ ಮಹಾವಿಜ್ಞಾನ ಬೇಕಿತ್ತು?

ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ಗುಂಡಿಯೊಳಗಿನ ಸಾವು ನಿಲ್ಲಲಿಲ್ಲ. 2018ರಲ್ಲಿ ಕೇರಳದ ಎಳೆಯ ಎಂಜಿನಿಯರುಗಳು ಗುಂಡಿ ಶುಚಿ ಮಾಡುವ ಯಂತ್ರವನ್ನೇ ರಸ್ತೆಗಿಳಿಸಿದರು. ಅಲ್ಲಿವರೆಗೂ ಯಾರಿಗೂ ತೋಚಲಿಲ್ಲವೆ? ಇಳಿಯೋನು ಅಗ್ಗವಾಗಿ ಸಿಗ್ತಿದ್ದ, ತೋಚಬೇಕಾಗಿರಲಿಲ್ಲ!

ಮದ್ರಾಸ್ ಐಐಟಿಯಲ್ಲಿ ಈ ಓದಿಗೇ ಪ್ರತ್ಯೇಕ ವಿಭಾಗವಿದೆ. ಮೀಸಲಾತಿಯೂ ಇದೆ. ಬಾಗಿಲಲ್ಲಿ ಮಾತ್ರ ಜೆಇಇ ಅಡ್ವಾನ್ಸ್ಡ್ ಕೂತಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೇ. ಕನ್ನಡದ ಮಕ್ಕಳಿಗೆ ಇದೂ ಒಂದು ಗುಂಡಿ. ಬಿ.ಡಿಸ್. ಬೇಕಾದರೆ ಯುಸೀಡ್ ಪರೀಕ್ಷೆಯಿದೆ, ಪಿಯುಸಿ ಆರ್ಟ್ಸ್‌ನವರೂ ಬರೀಬಹುದು. ನಮ್ಮ ಕಾಲೇಜುಗಳಲ್ಲಿ ಇದನ್ನ ಎಷ್ಟು ಜನ ಹೇಳಿದ್ದಾರೆ?

ಆ ಹುಡುಗಿಯ ಅವ್ವ ಕೋಳಿ ಕೂಗೋ ಹೊತ್ತಿಗೆ ಪೊರಕೆ ಹಿಡೀತಾಳೆ. ಆ ಪೊರಕೆಯಲ್ಲಿ ಏನು ತಪ್ಪಿದೆ ಅಂತ ಮಗಳಿಗೆ ಗೊತ್ತು. ಅರ್ಜಿ ತುಂಬೋ ದಿನ ಅವಳ ಪಕ್ಕ ಕೂತ್ಕೊಳ್ಳಿ ಮೇಷ್ಟ್ರೇ.