ಸಂಖ್ಯೆ ಒಂಟಿಯಾಗಿ ಹೊರಡಬಾರದು

ಒಂದು ಗಣಕಯಂತ್ರದ ಡೇಟಾಬೇಸಿನಲ್ಲಿರುವ ಸಂಖ್ಯೆಯನ್ನು ಜಾಲದ ಮೂಲಕ ಇನ್ನೊಂದು ಯಂತ್ರಕ್ಕೆ ಕಳುಹಿಸುವುದು ಇಂದು ಅತಿ ಸಾಮಾನ್ಯವಾದ ಕೆಲಸ. ಈ ತುದಿಯಲ್ಲಿ ಹೊರಟದ್ದು ಆ ತುದಿಯಲ್ಲಿ ಹಾಗೆಯೇ ಬಂದಿಳಿಯುವುದೆಂದು ನಮ್ಮ ವಿದ್ಯಾರ್ಥಿಗಳು ನಂಬುತ್ತಾರೆ. ಈ ನಂಬಿಕೆ ಅರ್ಧ ಮಾತ್ರ ಸರಿಯೆಂದು ನಮ್ಮ ಅಭಿಪ್ರಾಯ. ತಂತಿಯಲ್ಲಿ ಹರಿಯುವುದು ಬಿಟ್ಟುಗಳೇ ಹೊರತು ಸಂಖ್ಯೆಯಲ್ಲ. ಅವಕ್ಕೆ ಸಂಖ್ಯೆಯ ಅರ್ಥವನ್ನು ಕೊಡುವುದು ಉಭಯ ಪಕ್ಷಗಳ ಒಪ್ಪಂದ.

ಸಂಗೀತವನ್ನು ಬಲ್ಲವರಿಗೆ ಇದು ಹೊಸತಲ್ಲ. ‘ಧೀರಶಂಕರಾಭರಣ’ದ ಮೊದಲೆರಡು ಅಕ್ಷರಗಳು ಕಟಪಯಾದಿ ಕ್ರಮದಂತೆ 9 ಮತ್ತು 2. ಅಂಕಿಗಳನ್ನು ತಿರುಗಿಸಿ ಓದಬೇಕೆಂಬ ನಿಯಮವನ್ನು ಬಲ್ಲವನಿಗೆ ಅದು 29ನೆಯ ಮೇಳ; ಅರಿಯದವನಿಗೆ 92. ಮೇಳಗಳು 72 ಮಾತ್ರವಾದ್ದರಿಂದ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಗಣಕಗಳ ತಪ್ಪು ಅಷ್ಟು ಸುಲಭವಾಗಿ ಸಿಕ್ಕದು. ನಾಲ್ಕು ಬೈಟುಗಳ ಪೂರ್ಣಾಂಕವನ್ನು ಕೆಲವು ಯಂತ್ರಗಳು ಹಿರಿಯ ಬೈಟಿನಿಂದಲೂ, ಇಂದಿನ ಬಹುಪಾಲು ಯಂತ್ರಗಳು ಕಿರಿಯ ಬೈಟಿನಿಂದಲೂ ಆರಂಭಿಸಿ ಬರೆದಿಡುತ್ತವೆ. ಒಂದರ ಬರಹವನ್ನು ಇನ್ನೊಂದು ತನ್ನ ಕ್ರಮದಲ್ಲಿಯೇ ಓದಿದರೆ 1 ಎಂಬುದು 1,67,77,216 ಆಗುತ್ತದೆ!

ಇನ್ನು ದಶಮಾಂಶದ ಮಾತು. ಮೂರರಲ್ಲೊಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲಾಗದಂತೆಯೇ 0.1 ಅನ್ನು ದ್ವಿಮಾನ ಪದ್ಧತಿಯಲ್ಲಿ ಬರೆದು ಮುಗಿಸಲಾಗದು. ಗಣಕದ ಸಾಮಾನ್ಯ 64 ಬಿಟ್ಟುಗಳ ರೂಪದಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವ ಉತ್ತರ 0.30000000000000004. ಆದ್ದರಿಂದ ಹಣದ ಮೊತ್ತವನ್ನು ಪೈಸೆಗಳ ಪೂರ್ಣಾಂಕವಾಗಿಯೋ ದಶಮಾಂಶದ ಅಕ್ಷರರೂಪದಲ್ಲಿಯೋ ಕಳುಹಿಸುವುದು ಲೇಸು.

ಕ್ರಮವೂ ನಿಖರತೆಯೂ ಸರಿಯಿದ್ದು ಏಕಮಾನವೊಂದು ತಪ್ಪಿದರೂ ಅನರ್ಥವೇ. ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ನಷ್ಟವಾಯಿತು. ನೌಕೆಯ ಕಿರು ಎಂಜಿನುಗಳು ಕೊಟ್ಟ ನೂಕನ್ನು ಭೂಮಿಯ ಮೇಲಿನ ಒಂದು ಕ್ರಮವಿಧಿ ಪೌಂಡ್ ಬಲದ ಲೆಕ್ಕದಲ್ಲಿ ಬರೆಯುತ್ತಿತ್ತು; ಅದನ್ನು ಬಳಸಿದ ಇನ್ನೊಂದು ನ್ಯೂಟನ್ ಎಂದು ಓದುತ್ತಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಅಂಕಿಗಳು ಒಂದೂ ಕೆಡದೆ ತಲಪಿದ್ದವು; ನೌಕೆ ಮಾತ್ರ ಉಳಿಯಲಿಲ್ಲ.

ಇವನ್ನೆಲ್ಲ ಸಿದ್ಧ ಕ್ರಮವಿಧಿಗಳೇ ನೋಡಿಕೊಳ್ಳುತ್ತವಲ್ಲ ಎಂಬ ಆಕ್ಷೇಪಣೆ ಬರಬಹುದು. ಬೈಟುಗಳ ಕ್ರಮವನ್ನು ಅವು ನೋಡಿಕೊಂಡಾವು. ಆದರೆ ಪೌಂಡೋ ನ್ಯೂಟನ್ನೋ ಎಂಬುದನ್ನು ಬರೆದವರು ತಿಳಿಸದ ಹೊರತು ಯಾವ ಯಂತ್ರವೂ ಅರಿಯಲಾರದು. ಪ್ರಯೋಗಶಾಲೆಯಲ್ಲಿ ಏಕಮಾನವಿಲ್ಲದ ಉತ್ತರಕ್ಕೆ ನಾವು ಅಂಕ ಕಳೆದಾಗ ವಿದ್ಯಾರ್ಥಿಗಳು ಅದನ್ನು ಮೇಷ್ಟರ ಹಠವೆಂದು ಗೊಣಗುವುದುಂಟು. ಅದು ಹಠವಲ್ಲವೆಂಬುದಕ್ಕೆ ಮೇಲಿನ ಪ್ರಸಂಗವೇ ಸಾಕ್ಷಿ.

ಆದಕಾರಣ ಯುವಮಿತ್ರರಲ್ಲಿ ನಮ್ಮ ಬಿನ್ನಹ ಇಷ್ಟೆ: ಕ್ರಮ, ನಿಖರತೆ, ಏಕಮಾನ—ಈ ಮೂರನ್ನೂ ಮೊದಲು ಬರೆದಿಟ್ಟು, ಆಚೆಯವರ ಒಪ್ಪಿಗೆ ಪಡೆದು, ಆಮೇಲೆ ಸಂಖ್ಯೆಯನ್ನು ಕಳುಹಿಸಿರಿ.