ನಗುವುದಕ್ಕೂ ಅಂಜಬೇಕೇ?

ಮೊನ್ನೆ ಮುಧೋಳದ ನಮ್ಮ ಓಣಿಯಲ್ಲಿ ಕುಬಸದ ಕಾರ್ಯಕ್ರಮ. ಒಡಪು ಕೇಳಿ ನಕ್ಕು ನಕ್ಕು ಸಾಕಾಗಿತ್ತು. ಅಷ್ಟರಲ್ಲಿ ಪಕ್ಕದ ಮನೆ ಕಾಕು ದಡಬಡಿಸಿ ಎದ್ದು, "ನಗಸಬ್ಯಾಡ್ರೇ, ಸೀರಿ ಕೆಡತೈತಿ" ಎನ್ನುತ್ತ ಬಚ್ಚಲಿಗೆ ಓಡಿದರು. "ಮೂರು ಹಡದಾಕಿಗೆ ಇದು ಇದ್ದದ್ದ ಬಿಡವಾ" ಎಂದರು ಹಿರಿಯರೊಬ್ಬರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡನೇ ಹೆರಿಗೆಯ ನಂತರ ನಾನೂ ಸೀನಲು ಹೆದರಿದವಳೇ. ಪಾಪ, ಕಾಕು ಜಮಖಂಡಿಯ ಮಗಳ ಮನೆಗೆ ಬಸ್ಸಿನಲ್ಲಿ ಹೋಗುವುದನ್ನೇ ಬಿಟ್ಟಿದ್ದಾರಂತೆ!

ಕೆಮ್ಮಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಸೋರುವುದು ಬಹಳ ಹೆಣ್ಣುಮಕ್ಕಳಿಗಿರುವ ತೊಂದರೆ, ನಿಜ. ಹಾಗಂತ ಸಹಿಸಿಕೊಂಡೇ ಇರಬೇಕೆಂದಿಲ್ಲ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಳಿಗೆಯಂತೆ ಹೊತ್ತ ಸ್ನಾಯುಗಳು ಬಸಿರು, ಹೆರಿಗೆಯಲ್ಲಿ ಸಡಿಲಾಗುತ್ತವೆ. ಸಿಜೇರಿಯನ್ ಆದವರಿಗೂ ಇದು ಬರಬಹುದು. ಮಲಬದ್ಧತೆ, ಹಳೆಯ ಕೆಮ್ಮು ಇದ್ದರೆ ಇನ್ನೂ ಹೆಚ್ಚುತ್ತದೆ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದಕ್ಕೆ ವ್ಯಾಯಾಮ ಹೇಳಿದ್ದಾರೆ. ಗಾಳಿ ಹೋಗದಂತೆ ತಡೆಯುತ್ತೇವಲ್ಲ, ಹಾಗೆ ಬಿಗಿದು ಐದು ಎಣಿಸಿ. ಮತ್ತೆ ಐದು ಎಣಿಸುತ್ತ ಪೂರ್ತಿ ಸಡಿಲ ಬಿಡಿ. ಉಸಿರು ಕಟ್ಟಬೇಡಿ, ತೊಡೆ ಬಿಗಿಯಬೇಡಿ. ಒಂದು ಸಲಕ್ಕೆ ಎಂಟ್ಹತ್ತು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ಮಾಡಬೇಕು. ರೂಢಿಯಾದ ಮೇಲೆ ರೊಟ್ಟಿ ಬಡಿಯುತ್ತಲೂ ಮಾಡಬಹುದು. ಮೂತ್ರಕ್ಕೆ ಕೂತಾಗ ಮಾತ್ರ ಬೇಡ.

ಆದರೆ ಒಂದು ಮಾತು. ಫಿಸಿಯೋಥೆರಪಿ ಮೊಣಕಾಲು ನೋವಿಗಷ್ಟೇ ಅಲ್ಲ. ಎಷ್ಟೋ ಜನ ತಪ್ಪು ಸ್ನಾಯು ಬಿಗಿಯುತ್ತಾರೆ. ಕೆಲವರಿಗೆ ಆ ಸ್ನಾಯು ಮೊದಲೇ ಬಿಗಿಯಾಗಿ ನೋವಿರುತ್ತದೆ, ಅವರಿಗೆ ಈ ವ್ಯಾಯಾಮ ಆಗಿಬರದು. ಅದಕ್ಕೇ ಒಮ್ಮೆ ತಜ್ಞರಿಂದ ಕಲಿಯುವುದು ಒಳ್ಳೆಯದು. ಉರಿ, ಮೂತ್ರದಲ್ಲಿ ರಕ್ತ, ಏನೋ ಕೆಳಗೆ ಜಾರಿದಂತೆ ಅನಿಸಿದರೆ ಮೊದಲು ವೈದ್ಯರನ್ನು ಕಾಣಿ.

ನಮ್ಮಲ್ಲಿ ಬಾಣಂತಿಗೆ ಎಣ್ಣೆನೀರು, ಅಂಟಿನುಂಡಿ, ಹೊಟ್ಟೆಗೆ ಬಟ್ಟೆ ಎಲ್ಲ ಉಂಟು. ಈ ಸ್ನಾಯುವಿನ ಮಾತು ಮಾತ್ರ ಇಲ್ಲ. ಫ್ರಾನ್ಸಿನಲ್ಲಿ ಹೆರಿಗೆಯಾದ ತಾಯಿಗೆ ಇದನ್ನು ಕಲಿಸುವ ಖರ್ಚನ್ನು ಸಾರ್ವಜನಿಕ ಆರೋಗ್ಯ ವಿಮೆಯೇ ಕೊಡುತ್ತದೆ. ನಮ್ಮ ಆಸ್ಪತ್ರೆಗಳಲ್ಲೂ ಬಾಣಂತಿಯನ್ನು ಮನೆಗೆ ಕಳಿಸುವಾಗ ಐದು ನಿಮಿಷ ಕಲಿಸಬಾರದೇ? ತವರಿನಲ್ಲಿ ತಾಯಂದಿರು ಉಂಡಿಯ ಜೊತೆ ಇದನ್ನೂ ಹೇಳಿಕೊಡಬಾರದೇ?

ಮೂರು ತಿಂಗಳು ಬಿಡದೆ ಮಾಡಿದ ಮೇಲೆ ನಾನಂತೂ ನಿಶ್ಚಿಂತೆಯಿಂದ ಸೀನುತ್ತೇನೆ. ಕಾಕುಗೂ ಹೇಳಿದ್ದೇನೆ. ಮುಂದಿನ ಕುಬಸದಲ್ಲಿ ಅವರು ಕೂತಲ್ಲೇ ಹೊಟ್ಟೆ ತುಂಬ ನಗಲಿ. ಏನಂತೀರಿ?