ನಾಲ್ವರಲ್ಲಿ ಒಬ್ಬರು

ಮೇಳದಲ್ಲಿ ಒಬ್ಬನ ಕಂಠಕ್ಕೆ ಮನ್ನಣೆ ದೊರೆತೊಡನೆ ಮೇಳವೇ ಒಡೆದುಹೋಗುವುದು ಲೋಕದ ರೂಢಿ. ಈ ರೂಢಿಗೆ ಹೊರತಾಗಿ ಬಾಳಿದವರು ಅಮೆರಿಕದ ಗಾಯಕ ಲೀವೈ ಸ್ಟಬ್ಸ್.

ಮೋಟಾರು ಕಾರುಗಳ ಕಾರ್ಖಾನೆಗಳಿಗೆ ಹೆಸರಾದ ಡೆಟ್ರಾಯಿಟ್ ನಗರದಲ್ಲಿ 1936ರಲ್ಲಿ ಜನಿಸಿದ ಸ್ಟಬ್ಸರು, 1954ರಲ್ಲಿ ಹೈಸ್ಕೂಲು ಕಾಲದ ಗೆಳೆಯರಾದ ಡ್ಯೂಕ್ ಫಕೀರ್, ಓಬೀ ಬೆನ್‌ಸನ್, ಲಾರೆನ್ಸ್ ಪೇಟನ್ ಇವರೊಡನೆ ಹಾಡತೊಡಗಿದರು. ಆ ಮೇಳವೇ ಮುಂದೆ ‘ಫೋರ್ ಟಾಪ್ಸ್’ ಎಂದು ಪ್ರಸಿದ್ಧವಾಯಿತು. ಆದರೆ ಪ್ರಸಿದ್ಧಿ ಬಂದುದು ತಡವಾಗಿ. ಒಂಬತ್ತು ವರ್ಷಗಳ ಕಾಲ ರಾತ್ರಿಯ ಕ್ಲಬ್ಬುಗಳಲ್ಲಿ ಹಾಡಿದರೂ, ಹಲವು ಕಂಪೆನಿಗಳಿಗೆ ಧ್ವನಿಮುದ್ರಿಕೆಗಳನ್ನಿತ್ತರೂ ಅದೃಷ್ಟವು ಒಲಿಯಲಿಲ್ಲ. 1963ರಲ್ಲಿ ತಮ್ಮ ಊರಿನದೇ ಆದ ಮೋಟೌನ್ ಸಂಸ್ಥೆಯನ್ನು ಸೇರಿದ ಮೇಲೆ ಬಾಗಿಲು ತೆರೆಯಿತು.

ಇಗರ್ಜಿಯ ಭಕ್ತಿಗಾನದ ಆವೇಶವೂ ಲೌಕಿಕ ಪ್ರೇಮದ ವ್ಯಥೆಯೂ ಬೆರೆತು ಆಫ್ರಿಕನ್ ಅಮೆರಿಕನ್ನರಲ್ಲಿ ಹುಟ್ಟಿದುದು ‘ಸೋಲ್’ ಸಂಗೀತ. ಸೋಲ್ ಎಂದರೆ ಆತ್ಮ. ಸ್ಟಬ್ಸರದು ತುಂಬು ಗಾಂಭೀರ್ಯದ ಕಂಠ. ಮೋಟೌನಿನ ಗೀತರಚನಕಾರರಾದ ಹಾಲೆಂಡ್ ಸೋದರರೂ ಡೋಜಿಯರರೂ ಬೇಕೆಂದೇ ಆ ಕಂಠಕ್ಕೆ ಮೀರಿದ ಶ್ರುತಿಯಲ್ಲಿ ಹಾಡುಗಳನ್ನು ಹೊಸೆದರು. ಏರಲಾರದ ಎತ್ತರಕ್ಕೆ ಏರುವಾಗ ಗಾನವು ಮೊರೆಯಾಯಿತು; ಕೇಳಿದವರ ಎದೆ ಕರಗಿತು. 1965ರಲ್ಲಿ ಒಮ್ಮೆ, 1966ರಲ್ಲಿ ಮತ್ತೊಮ್ಮೆ ಅವರ ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಪಡೆಯಿತು.

ಪರೀಕ್ಷೆಯ ಕಾಲವು ಬಂದುದು ಆಗಲೇ. ಅದೇ ಸಂಸ್ಥೆಯ ‘ಸುಪ್ರೀಮ್ಸ್’ ಮೇಳದ ಹೆಸರಿನ ಮುಂದೆ 1967ರಲ್ಲಿ ಡಯಾನಾ ರಾಸ್ ಎಂಬ ಹೆಸರು ಸೇರಿತು. ಮೂರು ವರ್ಷಗಳಲ್ಲಿ ಆಕೆ ಮೇಳವನ್ನು ತೊರೆದು ಪ್ರತ್ಯೇಕವಾಗಿ ಕೀರ್ತಿ ಪಡೆದರು. ಒಬ್ಬರೇ ಹಾಡಿರೆಂಬ ಆಹ್ವಾನಗಳು ಸ್ಟಬ್ಸರಿಗೂ ಬಂದವು. ಅವರು ಒಪ್ಪಲಿಲ್ಲ. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸಿಗೆ ಹೊರಟಾಗ ನಾಲ್ವರೂ ಸಂಸ್ಥೆಯನ್ನು ಬಿಟ್ಟರು; ಒಬ್ಬರನ್ನೊಬ್ಬರು ಬಿಡಲಿಲ್ಲ. 1986ರಲ್ಲಿ ಸ್ಟಬ್ಸರು ‘ಲಿಟ್ಲ್ ಶಾಪ್ ಆಫ್ ಹಾರರ್ಸ್’ ಚಲನಚಿತ್ರದ ನರಭಕ್ಷಕ ಗಿಡಕ್ಕೆ ಧ್ವನಿಯಿತ್ತು ನಗಿಸಿದರು. ಬಳಿಕ ಗೆಳೆಯರ ನಡುವೆ ತಮ್ಮ ಎಂದಿನ ಸ್ಥಾನಕ್ಕೇ ಮರಳಿದರು.

1997ರಲ್ಲಿ ಪೇಟನ್ನರು ತೀರಿಕೊಳ್ಳುವವರೆಗೆ, 43 ವರ್ಷ, ಆ ಮೇಳದಲ್ಲಿ ಒಬ್ಬರೂ ಬದಲಾಗಲಿಲ್ಲ. 2000ದಲ್ಲಿ ಅನಾರೋಗ್ಯವು ಸ್ಟಬ್ಸರನ್ನು ವೇದಿಕೆಯಿಂದ ದೂರಮಾಡಿತು. ಆದರೂ 2004ರಲ್ಲಿ ಡೆಟ್ರಾಯಿಟಿನಲ್ಲಿ ನಡೆದ ಮೇಳದ ಸುವರ್ಣೋತ್ಸವಕ್ಕೆ ಅವರು ಗಾಲಿಕುರ್ಚಿಯಲ್ಲಿ ಕುಳಿತು ಬಂದರು. 2008ರಲ್ಲಿ ಅದೇ ಊರಿನಲ್ಲಿ ನಿಧನರಾದರು.

ಅವರ ಕಂಠವನ್ನು ಕೇಳಿ ಗುರುತಿಸುವವರು ಕೋಟ್ಯಂತರ. ಹೆಸರನ್ನು ಬಲ್ಲವರು ಕೆಲವರೇ. ಆ ನಷ್ಟವನ್ನು ಅವರು ತಿಳಿದೇ ಆರಿಸಿಕೊಂಡಿದ್ದರು.